ಪುಸ್ತಕ ಹಂಚು ಅಂದಿದ್ದೆ

ಬಸುರಿ ಹೆಂಗಸು ಬಿ.ಎಡ್. ಮುಗಿಸೋದು ಆಗದ ಮಾತು ಅಂತ ಮೊದಲು ಅಂದವರು ನಮ್ಮತ್ತೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮೊಳಕಾಲ್ಮುರಿನ ಮನೆಯ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಾ ಅಂದರು: “ನೋಡವ್ವ, ಡಿಗ್ರಿ ಮಾಡ್ಕಂಡು ಬಂದೆ, ಸರಿ. ಈಗ ಹೊಟ್ಟೆ ಹೊತ್ಕಂಡು ಬೋರ್ಡಿನ ಮುಂದೆ ನಿಂತ್ರೆ ಹುಡುಗ್ರು ಪಾಠ ಕೇಳ್ತಾವಾ, ಹೊಟ್ಟೆ ನೋಡ್ತಾವಾ?” ನಮ್ಮನೆಯವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ನಮ್ಮದು ತಳಕಿನಿಂದ ಒಳಗೆ ಇರುವ ಹಟ್ಟಿ. ಅಪ್ಪ ಕುರಿ ಕಾಯುವವನು, ಅವ್ವ ಕೂಲಿಗೆ ಹೋಗುವವಳು. ನಮ್ಮ ವಂಶದಲ್ಲಿ ಬಿ.ಎ. ಅಂತ ಹೆಸರಿನ ಮುಂದೆ ಬರೆದುಕೊಂಡವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮದುವೆಯಾದ ಮೇಲೆ ಬಿ.ಎಡ್. ಸೀಟು ಸಿಕ್ಕಾಗ ಗಂಡನ ಮನೆಯಲ್ಲಿ ಒಂದು ಮಾತಾಗಿತ್ತು. ಈ ವರ್ಷ ಓದಲಿ. ಕೂಸು ಹುಟ್ಟಿದ ಮೇಲೆ ಕಾಲೇಜಿನ ಸುದ್ದಿ ಎತ್ತೋದು ಬೇಡ. ನಾನೂ ತಲೆಯಾಡಿಸಿದ್ದೆ. ಹಾಗಾಗಿ ಈ ಸಲ ಪಾಸಾದರೆ ಆಯಿತು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ನಮ್ಮನೆಯವರು ಮೊಳಕಾಲ್ಮುರು–ಚಳ್ಳಕೆರೆ ನಡುವಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಅದೇ ಬಸ್ಸಿನ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ನಾನು ದಿನಾ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಥಿಯರಿ ಪೇಪರುಗಳ ಭಯ ಇರಲಿಲ್ಲ. ಭಯ ಇದ್ದದ್ದು ಅಂತಿಮ ಪಾಠದ್ದು. ಹೊರಗಿನ ಪರೀಕ್ಷಕರು ಬಂದು ಹಿಂದೆ ಕೂತಿರುತ್ತಾರೆ, ನಾವು ಹೈಸ್ಕೂಲಿನ ಮಕ್ಕಳಿಗೆ ಪಾಠ ಮಾಡಬೇಕು, ನಾವೇ ಕೈಯಾರೆ ಮಾಡಿದ ಪಾಠೋಪಕರಣ ಬಳಸಬೇಕು. ನಾನು ಕತೆ ಪುಸ್ತಕ ಮಾಡಿದ್ದೆ. ಅಂಗೈಯಗಲದ ಸಣ್ಣ ಪುಸ್ತಕಗಳು, ಗುಂಪಿಗೊಂದರಂತೆ. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ಮಗ್ಗ ಇತ್ತು. ಆ ಮನೆಯ ತೆಲುಗಿನ ಅಕ್ಕ ಕತ್ತರಿಸಿ ಬಿಸಾಡುವ ಅಂಚಿನ ಚೂರುಗಳನ್ನು ಕೊಟ್ಟಿದ್ದಳು, ಅವನ್ನೇ ರಟ್ಟಿಗೆ ಅಂಟಿಸಿದ್ದೆ. ಒಳಗೆ ನನ್ನದೇ ಕತೆ, ನನ್ನದೇ ಚಿತ್ರ. ಬಸ್ಸು ತಪ್ಪಿಸಿಕೊಂಡ ಕುರಿಮರಿ. ಮದುವೆಗೆ ಹೊರಟ ಈರುಳ್ಳಿ, ಹೋದಲ್ಲೆಲ್ಲ ಎಲ್ಲರೂ ಅಳುವುದು. ಪ್ರತಿ ಕತೆಯನ್ನೂ ಅರ್ಧಕ್ಕೆ ನಿಲ್ಲಿಸಿ ಕೊನೆಯ ಹಾಳೆ ಖಾಲಿ ಬಿಟ್ಟಿದ್ದೆ. ಮಕ್ಕಳು ಗುಂಪಿನಲ್ಲಿ ಮಾತಾಡಿ ಕತೆ ಮುಗಿಸಬೇಕು, ಅದೇ ನನ್ನ ಪಾಠ. ನಮ್ಮ ಮೇಡಂ ನೋಡಿ ಒಂದೊಂದರ ಬೆನ್ನಿಗೂ ಸಹಿ ಹಾಕಿದ್ದರು. ಸಹಿ ಇಲ್ಲದ್ದನ್ನು ಪರೀಕ್ಷೆಗೆ ತರುವ ಹಾಗಿರಲಿಲ್ಲ.

ಸೀಮಂತದ ದಿನವನ್ನು ಅತ್ತೆ ಪರೀಕ್ಷೆಯ ವಾರಕ್ಕೇ ಅಂಟಿಕೊಂಡ ಹಾಗೆ ಇಡಿಸಿದರು. ಪಂಚಾಂಗದವರು ಹೇಳಿದ್ದೇ ಆ ದಿನ ಅಂದರು. ನಾನು ಬಸ್ಸಿನಲ್ಲೇ ಕೂತು ಅತ್ತಿದ್ದು ಕಂಡು ಕಾಲೇಜಿನ ಗೆಳತಿಯೊಬ್ಬಳು ಉಪಾಯ ಹೇಳಿದಳು. “ಅಳ್ತೀಯಾಕೆ? ಸೀಮಂತಾನೇ ಕತೆ ಪುಸ್ತಕದ್ದು ಮಾಡಿಬಿಡಣ. ಗೋಡೆ ತುಂಬ ಕತೆ ಚಿತ್ರ, ಆಟ, ಎಲ್ಲಾ. ಬಂದ ಹೆಂಗಸ್ರ ಮುಂದೆ ನಿನ್ ಪಾಠ ಒಂದ್ಸಲ ಆಡಿಸ್ದಂಗೂ ಆಗ್ತೈತೆ, ಹೊಟ್ಟೆಯಾಗಿನ ಕೂಸು ಕೇಳ್ದಂಗೂ ಆಗ್ತೈತೆ.”

ಆ ಮಾತು ನನಗೆ ಹಿಡಿಸಿತು. ಬಂದವರಿಗೆ ಎಲೆಅಡಿಕೆ ಜೊತೆ ಕೊಡಲು ಏನಾದರೂ ಬೇಕಲ್ಲ, ಅದಕ್ಕೂ ಅವಳೇ ದಾರಿ ತೋರಿಸಿದಳು. ಖಾಲಿ ಬೆಂಕಿಪೊಟ್ಟಣ ಕೂಡಿಹಾಕಿ, ಮೂರು ಮಗ್ಗುಲಿಗೆ ಬಣ್ಣದ ಕಾಗದ ಸುತ್ತಿ, ಒಂದು ಮಗ್ಗುಲಿಗೆ ಬಿಳಿ ಹಾಳೆ ಅಂಟಿಸಿ ಗೆರೆ ಎಳೆದರೆ ಥೇಟ್ ಪುಸ್ತಕ. ಒಳಗೆ ಕಲ್ಲುಸಕ್ಕರೆ. ಎಲ್ಲಾ ಮಾಡಿ ಬುಟ್ಟಿಯಲ್ಲಿ ತುಂಬಿ ನಡುಮನೆಯ ಗೂಡಿನಲ್ಲಿಟ್ಟೆವು. ನಾವಿಬ್ಬರೂ ಅವನ್ನು ಪುಸ್ತಕ, ಪುಸ್ತಕ ಅಂತಲೇ ಕರೆಯುತ್ತಿದ್ದೆವು.

ಆವತ್ತು ಅಪ್ಪ, ಅವ್ವ ಬೆಳಗಿನ ಬಸ್ಸಿಗೇ ಬಂದರು. ಅವ್ವ ಸೀರೆ, ಹಸಿರು ಬಳೆ, ತಂಬಿಟ್ಟು, ಶೇಂಗಾ ಉಂಡೆ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿ ತಲೆ ಮೇಲೆ ಹೊತ್ತು ತಂದಿದ್ದಳು. ಗೋಡೆಯ ಚಿತ್ರಗಳನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಇವೆಲ್ಲ ನೀನೇ ಬರ್ದಿದ್ದಾ?” ಅಂತ ಪ್ರತಿಯೊಂದರ ಮುಂದೆಯೂ ನಿಂತು ಕೇಳಿದಳು. ಆಮೇಲೆ ಬಂದ ಪ್ರತಿಯೊಬ್ಬರಿಗೂ “ನನ್ ಮಗಳೇ ಬರ್ದಿದ್ದು” ಅಂದಳು.

ಮೊದಲ ಆಟ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕುರಿಮರಿಗೆ ಬಾಲ ಅಂಟಿಸುವುದು. ಪಕ್ಕದ ಮನೆಯ ತೆಲುಗಿನ ಅಕ್ಕ ಬಾಲವನ್ನು ಹೋಗಿ ಹೋಗಿ ಮೂತಿಗೆ ಅಂಟಿಸಿದಳು. “ಅಯ್ಯೋ ನಿನ್ನ, ಕುರಿಗೆ ಮೀಸೆ ಬರಿಸ್ದಲ್ಲೇ!” ಅಂತ ಅತ್ತೆಯೇ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕತೆ ಮುಗಿಸುವ ಆಟ. ನಾನು ಪರೀಕ್ಷೆಯ ಪುಸ್ತಕಗಳನ್ನು ಟ್ರಂಕಿನಿಂದ ತೆಗೆಸಿ, ಅರ್ಧ ಓದಿ, ಮುಂದೇನಾಯ್ತು ಹೇಳ್ರಿ ಅಂದೆ. ಬಸ್ಸು ತಪ್ಪಿದ ಕುರಿಮರಿ ಏನು ಮಾಡಿತು? “ನಿನ್ ಗಂಡನ್ ಬಸ್ಸಾದ್ರೆ ತಪ್ಪಿದ್ದೇ ಒಳ್ಳೇದಾತು ಬಿಡು, ಟಾಪ್ ಮೇಲೆ ಹಾಕಿ ಲಗೇಜು ಚಾರ್ಜು ಹಾಕ್ತಿದ್ದ!” ಅಂದಳು ಒಬ್ಬ ಮುದುಕಿ. ನಮ್ಮನೆಯವರು ಅಡುಗೆಮನೆ ಕಡೆ ಎದ್ದುಹೋದರು. ಆಟ ಮುಗಿದ ಮೇಲೆ ಗೆಳತಿ ಪುಸ್ತಕಗಳನ್ನು ಒಟ್ಟು ಮಾಡಿ ಒಂದು ಕೈಚೀಲಕ್ಕೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ನನ್ನನ್ನು ಹಸೆಮಣೆ ಮೇಲೆ ಕೂರಿಸಿ ಬಳೆ ತೊಡಿಸಿದರು, ಮಡಿಲು ತುಂಬಿದರು. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಇರುವಾಗ ಏಳುವಂತಿಲ್ಲ, ತಿರುಗುವಂತೆಯೂ ಇಲ್ಲ. ಹೆಂಗಸರು ಹೊರಡಲು ಎದ್ದ ಸದ್ದು ಕೇಳಿ ಕೂತಲ್ಲಿಂದಲೇ ಕೂಗಿದೆ: “ಅವ್ವಾ, ಬಂದೋರಿಗೆ ಪುಸ್ತಕ ಹಂಚವ್ವ.”

ಎಲ್ಲರೂ ಹೋದ ಮೇಲೆ ನಡುಮನೆಗೆ ಬಂದು ನೋಡಿದರೆ ಬೆಂಕಿಪೊಟ್ಟಣದ ಬುಟ್ಟಿ ಹಾಗೇ ಇತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಚೀಲ ಇತ್ತು, ಒಳಗೆ ಏನೂ ಇರಲಿಲ್ಲ.

“ಅವ್ವಾ, ಏನ್ ಹಂಚ್ದೆ?”

“ಪುಸ್ತಕ. ನೀನೇ ಅಂದ್ಯಲ್ಲ.”

“ಇವು ಪುಸ್ತಕ, ಈ ಬುಟ್ಟಿಯಾಗಿನವು!”

ಅವ್ವ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡು ಅಲ್ಲಾಡಿಸಿದಳು. ಕಲ್ಲುಸಕ್ಕರೆ ಗಲಗಲ ಅಂತು. “ಇದು ಬೆಂಕಿಪಟ್ಣ ಅಲ್ಲೇನೇ? ಬೆಂಕಿಪಟ್ಣ ಹಂಚು ಅಂದಿದ್ರೆ ಬೆಂಕಿಪಟ್ಣ ಹಂಚ್ತಿದ್ದೆ. ಪುಸ್ತಕ ಅಂದ್ರೆ ಪುಸ್ತಕ ಅಂದ್ಕಂಡೆ.”

ಅತ್ತೆ ಒಳಗಿನಿಂದ ಬಂದರು. “ಒಂದಕ್ಷರ ಗೊತ್ತಿದ್ರೆ ತಿಳೀತಿತ್ತು ನಮ್ ಬೀಗ್ತಿಗೆ,” ಅಂದರು. ಅವ್ವ ಪೊಟ್ಟಣವನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟಳು. ಹೊಸದು ಮಾಡಲು ಕೂತರೂ ಮೇಡಂ ಊರಲ್ಲಿರಲಿಲ್ಲ, ಸಹಿ ಹಾಕುವವರಿರಲಿಲ್ಲ. ಮನೆಮನೆಗೆ ಹೋಗಿ ವಾಪಸ್ ತರ್ತೀನಿ ಅಂತ ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದು ವಾಪಸ್ ಇಸ್ಕಂತಾರೇನೇ? ಅದೂ ಮಡ್ಲು ತುಂಬಿದ ದಿನ? ಕೊಟ್ಟಿದ್ದು ಇಸ್ಕಂಡ್ರೆ, ದೇವ್ರು ಕೊಟ್ಟಿದ್ದನ್ನೂ…” ಅಷ್ಟಕ್ಕೆ ನಿಲ್ಲಿಸಿ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು.

ನಾನು ಓದಿದವಳು, ಇಂಥದ್ದನ್ನೆಲ್ಲ ನಂಬದವಳು ಅಂತ ಕಾಲೇಜಿನಲ್ಲಿ ಭಾಷಣ ಮಾಡಿದ್ದೆ. ಆದರೂ ಕೈ ತಾನಾಗಿ ಹೊಟ್ಟೆ ಮೇಲೆ ಹೋಯಿತು. ಹೊಸ್ತಿಲು ದಾಟಲು ಆಗಲಿಲ್ಲ. ನಮ್ಮನೆಯವರು, “ಹೋಗ್ಲಿ ಬಿಡು, ಓದಿದ್ದೇನು ಎಲ್ಲಿಗೂ ಹೋಗಲ್ಲ,” ಅಂದರು. ಅವರಿಗೆ ಅದು ಸಮಾಧಾನದ ಮಾತು. ನನಗೆ ಬಾಗಿಲು ಹಾಕಿದಂತೆ ಕೇಳಿಸಿತು.

ಅಪ್ಪ ಕುರಿಗಳಿಗೋಸ್ಕರ ಹಟ್ಟಿಗೆ ಹೊರಟ. ಅವ್ವ ಉಳಿದಳು. ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಅವಳಿರಲಿಲ್ಲ, ಬೆಂಕಿಪೊಟ್ಟಣದ ಬುಟ್ಟಿಯೂ ಇರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಮಗ್ಗದ ಮನೆ ಮುಂದೆ ನಿಂತು ತೆಲುಗಿನ ಅಕ್ಕನ ಜೊತೆ ಮಾತಾಡುತ್ತಿದ್ದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದರು.

“ಬೀಗ್ತಿ, ಏನ್ ಮಾಡ್ತಿದೀರಿ ನೀವು? ಕೊಟ್ಟಿದ್ದು ಇಸ್ಕಬಾರದು ಅಂದೆ ತಾನೇ?”

“ಇಸ್ಕಂತಿಲ್ರಿ. ಮುಯ್ಯಿ ಕೇಳ್ತಿದೀನಿ.”

ನಮ್ಮ ಕಡೆ ಶುಭಕಾರ್ಯಕ್ಕೆ ಬಂದವರು ಮನೆಯವರಿಗೆ ಮಾಡುವ ಉಡುಗೊರೆಗೆ ಮುಯ್ಯಿ ಅನ್ನುತ್ತಾರೆ. ಅವ್ವ ಎಲ್ಲರ ಮನೆಯಲ್ಲೂ ಹೇಳಿದ್ದು ಅಷ್ಟೇ: ನಿಮಗೆ ಕೊಟ್ಟಿದ್ದು ನಿಮ್ಮದಾಯ್ತು, ಈಗ ನೀವು ಮನಸಾರೆ ನನ್ನ ಮಗಳಿಗೆ ಅದನ್ನೇ ಮುಯ್ಯಿ ಮಾಡ್ರಿ. ಹಾಗಂದು ಬುಟ್ಟಿಯಿಂದ ಒಂದು ಬೆಂಕಿಪೊಟ್ಟಣ ಅವರ ಕೈಗಿಡುತ್ತಿದ್ದಳು.

“ಮುಯ್ಯಿ ಯಾರಾದ್ರೂ ಕೇಳಿ ಪಡೀತಾರೇನ್ರಿ?” ಅತ್ತೆಯ ದನಿ ಬೀದಿಯ ಆ ತುದಿಗೆ ಕೇಳುತ್ತಿತ್ತು.

“ನಾನು ಪಡೀತೀನಿ. ಕೇಡು ಬಂದ್ರೆ ಕೇಳಿದೋಳಿಗೆ ಬರ್ಲಿ. ನನ್ ಮಗಳು ಕೇಳಿಲ್ಲ, ಕೂಸು ಕೇಳಿಲ್ಲ.”

ತೆಲುಗಿನ ಅಕ್ಕ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ಪುಸ್ತಕದ ಮೇಲೊಂದು ಚಿಟಿಕೆ ಕುಂಕುಮ ಇಟ್ಟು ತಂದು ಅವ್ವನ ಕೈಗೆ ಕೊಟ್ಟಳು. “ತೀಸ್ಕೋಮ್ಮಾ, ನಾ ಮುಯ್ಯಿ,” ಅಂದಳು, ತಗೋಳಮ್ಮ, ನನ್ನ ಮುಯ್ಯಿ ಅಂತ. ಅತ್ತೆ ವಾಪಸ್ ಬಂದು ಕದ ಜೋರಾಗಿ ಹಾಕಿದರು.

ಎಲ್ಲವೂ ಬರಲಿಲ್ಲ. ಒಂದು ಆಗಲೇ ರಾಯದುರ್ಗದ ಬಸ್ಸು ಹತ್ತಿ ಹೋಗಿತ್ತು. ಒಂದರ ರೇಷ್ಮೆ ಕಿತ್ತು ಯಾರದೋ ಮಗಳು ಗೊಂಬೆಗೆ ಸೀರೆ ಉಡಿಸಿದ್ದಳು. ಒಂದನ್ನು ಮೇಕೆ ಅರ್ಧ ತಿಂದಿತ್ತು, ಮೇಡಂ ಸಹಿ ಮಾತ್ರ ಉಳಿದಿತ್ತು. ಬಂದವುಗಳಲ್ಲೂ ಅರಿಶಿನದ ಬೆರಳಚ್ಚು, ಎಣ್ಣೆ ಕಲೆ. ಹೆಚ್ಚಿನವುಗಳ ಕೊನೆಯ ಹಾಳೆ ಖಾಲಿ ಉಳಿದಿರಲಿಲ್ಲ. ಮನೆಮನೆಯ ಮಕ್ಕಳು ಕತೆ ಮುಗಿಸಿಬಿಟ್ಟಿದ್ದವು. ‘ಕುರಿಮರಿ ಆಟೋ ಹತ್ತಿತು.’ ‘ಈರುಳ್ಳಿಯನ್ನು ಬಜ್ಜಿ ಮಾಡಿದರು. ಎಲ್ಲರೂ ನಕ್ಕರು.’ ಅವ್ವ ಅವನ್ನೆಲ್ಲ ನನ್ನ ಮುಂದೆ ಇಟ್ಟು ದೂರ ಹೋಗಿ ಕೂತಳು.

ಪರೀಕ್ಷೆಯ ದಿನ ಚಳ್ಳಕೆರೆಯ ಆ ಎಂಟನೇ ಕ್ಲಾಸಿನಲ್ಲಿ ನಿಂತಾಗ ನಡು ಸೀಳಿದಂತಾಗುತ್ತಿತ್ತು. ಮೇಜು ಹಿಡಿದುಕೊಂಡೇ ಮಾತಾಡಿದೆ. ಖಾಲಿ ಹಾಳೆ ಇಲ್ಲದ ಮೇಲೆ ಯೋಜನೆ ಮಾಡಿದ ಪಾಠ ನಡೆಯುವ ಹಾಗಿರಲಿಲ್ಲ. ಅದಕ್ಕೇ, ಬೇರೆ ಮಕ್ಕಳು ಹೀಗೆ ಮುಗಿಸಿದ್ದಾರೆ, ನೀವು ಒಪ್ಪುತ್ತೀರಾ ಅಂತ ಕೇಳಿದೆ. ಬಜ್ಜಿಯ ಮೇಲೆ ಜಗಳವೇ ಆಯಿತು. ಪರೀಕ್ಷಕರು ಒಂದು ಪುಸ್ತಕ ತಿರುವಿ, “ಏನಮ್ಮಾ ಇದು, ಕುಂಕುಮ?” ಅಂದರು. “ಸೀಮಂತ ಇತ್ತು ಸಾರ್,” ಅಂದೆ. ಅವರು ನನ್ನ ಹೊಟ್ಟೆ ನೋಡಿದರು, ಪುಸ್ತಕ ನೋಡಿದರು, ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಹುಟ್ಟಿದ ಕೂಡಲೇ ಅಳಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬಾಣಂತನಕ್ಕೆ ಅವ್ವ ಬಂದು ಮೊಳಕಾಲ್ಮುರಿನಲ್ಲೇ ನಿಂತಳು. ನನಗೆ ಎಣ್ಣೆ ಹಚ್ಚಿದಳು, ನೀರು ಹಾಕಿದಳು, ಬಟ್ಟೆ ಒಗೆದಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. “ಎತ್ಕಳವ್ವ” ಅಂದರೆ, “ನನ್ ಕೈ ಬ್ಯಾಡ. ಇಸ್ಕಂಡು ಬಂದ ಕೈ ಇದು,” ಅನ್ನುವಳು. ಮುಯ್ಯಿ ಅಂತ ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದವಳು ತಾನೇ ಅದನ್ನು ನಂಬಿರಲಿಲ್ಲ. ಡಾಕ್ಟರು ಕೂಸಿಗೆ ಏನೂ ತೊಂದರೆ ಇಲ್ಲ ಅಂದರೂ ಕೇಳಲಿಲ್ಲ. ಕೊನೆಗೆ ಅತ್ತೆಯೇ ಬೇಜಾರಾಗಿ, “ನಾನೇನೋ ಸಿಟ್ಟಿಗೆ ಅಂದೆ, ಅದ್ನೇ ಹಿಡ್ಕಂಡ್ ಕೂತ್ರಲ್ಲ, ಎತ್ಕಳ್ರಿ ಬೀಗ್ತಿ,” ಅಂತ ಕೂಸನ್ನು ಮುಂದೆ ಹಿಡಿದರು. ಅವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಫಲಿತಾಂಶ ಬಂತು. ಪಾಸಾಗಿದ್ದೆ. ಅಂತಿಮ ಪಾಠಕ್ಕೆ ಹೇಳಿಕೊಳ್ಳುವಂಥ ಅಂಕವೇನೂ ಬಂದಿರಲಿಲ್ಲ. ಆ ಸುದ್ದಿ ಹೇಳಿದಾಗ ಅವ್ವ, “ಕೂಸು ಹಾಲು ಕುಡೀತಾ?” ಅಂತ ಕೇಳಿದಳು.

ಸರ್ಟಿಫಿಕೇಟ್ ಕೊಡುತ್ತಾರೆ ಅಂತ ಗೊತ್ತಾಗುವ ಹೊತ್ತಿಗೆ ಮಗಳಿಗೆ ಹಲ್ಲು ಬರುತ್ತಿದ್ದವು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಚಳ್ಳಕೆರೆಗೆ ಹೊರಟೆ. ಅವ್ವ ತಳಕಿನಲ್ಲಿ ಅದೇ ಬಸ್ಸು ಹತ್ತಿದಳು, ಜೊತೆಗಿರಲಿ ಅಂತ ನಾನೇ ಹೇಳಿ ಕಳಿಸಿದ್ದೆ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಕಿಟಕಿಯಿಂದ ರಿಜಿಸ್ಟರು ಹೊರಗೆ ತಳ್ಳಿ, ಇಲ್ಲಿ ಸಹಿ ಮಾಡಮ್ಮ ಅಂದರು. ಮಗಳು ಪೆನ್ನಿಗೆ ಬಾಯಿ ಹಾಕಿದಳು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಅಂದರು. ನಾನು ಯೋಚನೆಯನ್ನೇ ಮಾಡದೆ ಮಗಳನ್ನು ಅವ್ವನ ಕಡೆ ಚಾಚಿದೆ. ಹಿಡಿಯದಿದ್ದರೆ ಬೀಳುತ್ತಿದ್ದಳು. ಅವ್ವ ಹಿಡಿದಳು.

ಸಹಿ ಮಾಡಿದೆ. ಗುಮಾಸ್ತರು ಹೆಸರು ಓದಿ ಸರ್ಟಿಫಿಕೇಟ್ ನನ್ನ ಕೈಗಿಟ್ಟರು. ತಿರುಗಿ ನೋಡಿದರೆ ಮಗಳು ಅವ್ವನ ತಾಳಿಸರ ಬಾಯಿಗಿಟ್ಟುಕೊಂಡು ಕಚ್ಚುತ್ತಿದ್ದಳು. ಕೊಡವ್ವ ಅಂತ ಕೈ ಚಾಚಿದೆ. ಅವ್ವ ಕೊಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ನೀನು ನಿಧಾನಕ್ಕೆ ಓದ್ಕ,” ಅಂದಳು. “ಇವಳು ನನ್ ಹತ್ರ ಇರ್ತಾಳೆ.”