ಸರೋವರದ ದಂಡೆಯಲ್ಲಿ ಬೆನ್ನು

ಸಿಯಾಟಲ್‌ನ ಸರೋವರದ ದಂಡೆಗೆ ಇಳಿಯುವ ಮೊದಲೇ ಮಗಳು ಎಚ್ಚರಿಸಿದಳು. "ಅಮ್ಮಾ, ಇಲ್ಲಿ ಕೆಲವರು ಬಟ್ಟೆ ಹಾಕಿರಲ್ಲ. ಗುರಾಯಿಸ್ಬೇಡ. ಫೋನ್ ಬ್ಯಾಗಲ್ಲೇ ಇರ್ಲಿ."

"ಎಷ್ಟು ಬಾಣಂತನ ಮಾಡಿದೀನಿ, ನಾನು ನೋಡದೇ ಇರೋದು ಏನಿದೆಯೇ?" ಎಂದೆ.

ಅವಳಿಗೆ ಆಫೀಸಿನ ಕಾಲ್ ಬಂತು, ಕಾರಿಗೆ ಹೋದಳು. ನಾನು ಸ್ವೆಟರ್ ಹಾಕಿಕೊಂಡೇ ಹುಲ್ಲಿನ ಮೇಲೆ ಕೂತೆ. ಸುತ್ತ ಜನ ಬೆತ್ತಲೆ ಮಲಗಿ ಪುಸ್ತಕ ಓದುತ್ತಿದ್ದರು. ನನ್ನನ್ನು ಯಾರೂ ನೋಡಲಿಲ್ಲ. ಮಗಳ ಮನೆಯಲ್ಲೂ ಅಷ್ಟೆ. ಗಂಡ ಸತ್ತ ಮೇಲೆ ನನ್ನನ್ನು ಯಾರೂ ಮುಟ್ಟಿದ್ದೂ ಇಲ್ಲ.

ನನ್ನದೇ ವಯಸ್ಸಿನ ಬಿಳಿ ಹೆಂಗಸು, ಮೈಮೇಲೆ ನೂಲಿಲ್ಲ, ದೂರದಲ್ಲೇ ನಿಂತು ಕ್ರೀಮಿನ ಟ್ಯೂಬ್ ತೋರಿಸಿದಳು. ಬೆನ್ನಿಗೆ ಕೈ ಎಟುಕುವುದಿಲ್ಲವೆಂದು ಸನ್ನೆ ಮಾಡಿ, "ಪ್ಲೀಸ್?" ಎಂದಳು. ಈ ಊರಿನ ಬಿಸಿಲಿಗೆ ಕಾವೇ ಇಲ್ಲ, ಆದರೂ ಕ್ರೀಮು ಬೇಕಂತೆ. ಬಾ ಎಂದು ಕರೆದೆ. ಬಾಣಂತಿಗೆ ಎಣ್ಣೆ ಹಚ್ಚುವ ಹಾಗೆ ತಿಕ್ಕಿದೆ. ಅವಳು ಹಾಯಾಗಿ ಕಣ್ಣು ಮುಚ್ಚಿದಳು.

ಆಮೇಲೆ ನನ್ನ ಬೆನ್ನು ತೋರಿಸಿ, "ಯೂ?" ಎಂದಳು.

ಮಗಳು ಬರುತ್ತಿದ್ದಾಳಾ ಎಂದು ನೋಡಿದೆ. ಇಲ್ಲ. ಸ್ವೆಟರ್ ತೆಗೆದು, ರವಿಕೆಯ ಹುಕ್ಕು ಬಿಚ್ಚಿ, ತಿರುಗಿ ಕೂತೆ. ಅವಳು ಧೂಳು ಒರೆಸುವ ಹಾಗೆ ಮೆಲ್ಲಗೆ ಸವರಿದಳು.

"ಜೋರಾಗಿ ತಿಕ್ಕೇ," ಎಂದು ಕನ್ನಡದಲ್ಲೇ ಗದರಿದೆ.