ಮರಕುಟಿಗದ ಗೂಡಿಗೆ ಬಿದ್ದ ಬೆಳಕು

ಐವತ್ತರ ದಶಕ. ಧಾರವಾಡದಿಂದ ವರ್ಗವಾಗಿ ಬಂದ ನಾವು ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಆ ಮೇ ತಿಂಗಳು ಹಿತ್ತಲ ಬೇವಿನ ಮರದ ಪೊಟರೆಯಲ್ಲಿ ಮರಕುಟಿಗ ಮರಿ ಮಾಡಿತ್ತು. ನನ್ನ ಗಂಡನಿಗೆ ಹೊಸ ಬಾಕ್ಸ್ ಕ್ಯಾಮೆರಾದ ಹುಚ್ಚು. ಟೊಂಗೆಗಳ ನೆರಳಿನಿಂದ ಗೂಡಿನ ಫೋಟೋ ಕಪ್ಪಾಗಿ ಬರುತ್ತದೆಂದು ಕೊಡಲಿ ಹಿಡಿದು ಹೊರಟರು.

"ಟೊಂಗಿ ಕಡೀಬ್ಯಾಡ್ರಿ, ಬಿಸಿಲು ಪೊಟರಿಗೆ ಬಿದ್ದು ಮರಿ ಬೇಯ್ತಾವ," ಅಂದೆ.

"ಬೆಳಕಿಲ್ದ ಫೋಟೋ ಹ್ಯಾಂಗ ಬರ್ತದ? ನಿನಗ ತಿಳಿಯಂಗಿಲ್ಲ, ಸುಮ್ಮನಿರು."

ಕಡಿದರು, ಫೋಟೋ ತೆಗೆದರು. ಮಧ್ಯಾಹ್ನ ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ನನ್ನಿಂದ ನೀರು ಚಿಮುಕಿಸಿಕೊಂಡು ತಂಪಾಗಿ ಮಲಗಿದರು. ಹಿತ್ತಲಲ್ಲಿ ಮರಿಗಳು ಒಂದೇ ಸಮನೆ ಚೀರುತ್ತಿದ್ದವು. ಮರುದಿನ ಸಂಜೆಗೆ ಆ ಸದ್ದು ನಿಂತಿತು. ತಾಯಿಹಕ್ಕಿ ಮಾತ್ರ ಪೊಟರೆಯೊಳಗೆ ತಲೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಲೇ ಇತ್ತು. ನನಗೆ ನೋಡಲಾಗಲಿಲ್ಲ, ಬಾಗಿಲು ಹಾಕಿಕೊಂಡೆ.

ಫೋಟೋ ಚಲೋ ಬಂತು. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ರವಿವಾರ ಆಫೀಸಿನ ಗೆಳೆಯರೆಲ್ಲ ಬಂದು, ಬೆಳಕು ಬರೋಬರ್ ಬಿದ್ದಿದೆ ಎಂದು ಹೊಗಳಿದರು. ನಾನು ಚಹಾ ಕೊಟ್ಟೆ.

ಮಧ್ಯಾಹ್ನ ಅವರು ಹೋದ ಮೇಲೆ ಇವರು ಮಲಗಿದರು. ನಾನು ತಟ್ಟಿ ಬಿಚ್ಚಿ ಮೂಲೆಗೆ ಎಸೆದೆ. ಸ್ವಲ್ಪ ಹೊತ್ತಿಗೆ ಬೆವರಿನಲ್ಲಿ ತೊಯ್ದು ಎದ್ದು ಕೂತರು.

"ತಟ್ಟಿ ಯಾಕ ತಗದಿ?"

"ಬೆಳಕು ಬೀಳ್ಲಿ ಅಂತ," ಅಂದೆ.