ಚಂಪಕ್ಕನ ತಂಬಿಗೆ

ಚಂಪಕ್ಕ ನೀರು ಸೋಸಿ ಕುಡಿಯುತ್ತಿದ್ದರು. ಚಿಕ್ಕೋಡಿಯ ಜೈನರ ಮನೆಗಳಲ್ಲಿ ಅದೇನೂ ವಿಶೇಷವಲ್ಲ. ಸೋಸಿದ ಬಟ್ಟೆಯನ್ನು ತಂಬಿಗೆಯಲ್ಲಿ ಜಾಲಿಸಿ, ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು, ತಂಬಿಗೆಗೆ ಹಗ್ಗ ಕಟ್ಟಿ, ನೀರು ಸೇದಿದ ಅದೇ ಬಾವಿಗೆ ಮೆಲ್ಲಗೆ ಇಳಿಸುವುದರಲ್ಲಿ ಮಾತ್ರ ಅವರಷ್ಟು ಹಟ ಯಾರಿಗೂ ಇರಲಿಲ್ಲ.

"ಬ್ಯಾರೆ ನೀರಾಗ ಬಿಟ್ರ ಪರದೇಶಿ ಆಗ್ತಾವ್ರಿ ಮಾಸ್ತರ," ಎನ್ನುತ್ತಿದ್ದರು. ನಾನು ಅವರ ಬಾಡಿಗೆದಾರ.

ಅವರ ಯಜಮಾನರು ದೀಕ್ಷೆ ತೆಗೆದುಕೊಂಡು ನಡೆದು ಹೋಗಿದ್ದರು. ಚಂಪಕ್ಕ "ನಮ್ಮನಿಯವರು" ಎಂದು ಶುರುಮಾಡಿ, ತಡೆದು, ಮುನಿಗಳನ್ನು ಕರೆಯುವಂತೆ "ಮಹಾರಾಜರು" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ಓಣಿಯವರೆಲ್ಲ ಟೆಂಪೊ ಮಾಡಿಕೊಂಡು ದಾಂಡೇಲಿಯಾಚೆ ಒಂದು ಸುಣ್ಣಕಲ್ಲಿನ ಗವಿ ನೋಡಲು ಹೋದೆವು. ಬಾಗಿ, ತೆವಳಿ ಇಳಿದರೆ ನೆಲದ ಹೊಟ್ಟೆಯಲ್ಲಿ ಕೆರೆ. ನನ್ನ ನೆನಪಿನಲ್ಲಿ ಅದು ಒಮ್ಮೆ ಹಸಿರು, ಒಮ್ಮೆ ಕಪ್ಪು. ಟಾರ್ಚಿನ ಬೆಳಕಲ್ಲಿ ಬಣ್ಣ ಯಾರಿಗೆ ಕಂಡೀತು. ಚಂಪಕ್ಕ ತಂಬಿಗೆ ಅದ್ದುವ ತನಕ ಅದು ಅಲುಗಲೇ ಇಲ್ಲ.

ಮೇಲೆ ಬಂದು ಸೋಸಿ ಮೊದಲು ನನಗೆ ಕೊಟ್ಟರು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತಿದ. "ಮಾವಶಿ, ಚಲಾ, ನಡೀರಿ. ಆ ಅರಿವಿ ತೊಳದ ನೀರ ಗಿಡದ ಬುಡಕ್ಕ ಚೆಲ್ರಿ."

"ಅವು ಕೆಳಗಿನವು."

"ಕಣ್ಣಿಗೇ ಕಾಣೂದಿಲ್ಲ ಅವು."

"ಕಾಣೂದಿಲ್ಲಂದ್ರ ಅವಕ್ಕ ಮನಿ ಇಲ್ಲೇನಪಾ?"

"ಹೊತ್ತ ಮುಣಗಾಕತ್ತೈತಿ. ಆಮ್ಯಾಲ ನೀವೇನ ಉಣ್ಣಾಂಗಿಲ್ಲ, ಕುಡ್ಯಾಂಗಿಲ್ಲ. ಬೆಳತನಕ ಉಪಾಸ ಇರತೀರೇನ?"

ಚಂಪಕ್ಕ ಸೋಸಿದ ನೀರಿನ ತಂಬಿಗೆಯನ್ನು ನನ್ನ ಕೈಗಿಟ್ಟರು. ಅವರಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ನಾನು ಎದ್ದರೆ "ನೀವು ಕೂಡ್ರಿ" ಎಂದು, ಜಾಲಿಸಿದ ನೀರಿನ ಬಟ್ಟಲು ಹಿಡಿದು ಒಬ್ಬರೇ ಇಳಿದರು.

ಕೆಳಗಿನಿಂದ ಅವರು ಯಾರೊಂದಿಗೋ ಮಾತಾಡುವುದು ಕೇಳಿಸಿತೆಂದು ಬಹಳ ವರ್ಷ ಹೇಳುತ್ತ ಬಂದಿದ್ದೇನೆ. ಕೇಳಿಸಿರಲಿಕ್ಕಿಲ್ಲ, ಗವಿ ಅಷ್ಟು ಆಳವಿತ್ತು.

ಮೇಲೆ ಬರುವಷ್ಟರಲ್ಲಿ ಸೂರ್ಯ ಇರಲಿಲ್ಲ. "ಮುಟ್ಟಿಸಿ ಬಂದೆ," ಎಂದರು. ಕುಡಿಯಲಾಗದ ನೀರನ್ನು ಚಿಕ್ಕೋಡಿಯ ತನಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಂದು ಹನಿಯೂ ತುಳುಕಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಆದರೆ ರಸ್ತೆ ಕೆಟ್ಟದ್ದಿತ್ತು, ಸೀರೆ ತೊಯ್ದಿತ್ತು.

ಕೆಲವು ವರ್ಷಗಳ ಮೇಲೆ ಚಿಕ್ಕೋಡಿಯ ಬಾವಿ ಮುಚ್ಚಿತು, ಮನೆಯೂ ಹೋಯಿತು. ನಿಪ್ಪಾಣಿಯಲ್ಲಿ ತಮ್ಮನ ಮಗನ ಮೂರನೇ ಮಹಡಿಯ ಮನೆಯಲ್ಲಿ ಅವರನ್ನು ಕೊನೆಯ ಸಲ ಕಂಡೆ. ನನಗೆಂದು ನಳದ ನೀರು ಸೋಸಿದರು. ಬಟ್ಟೆ ಜಾಲಿಸಿ, ಬಟ್ಟಲು ಹಿಡಿದು ನಿಂತರು.

"ಈ ನೀರ ಎಲ್ಲಿಂದ ಬರತೈತ್ರಿ, ಮಾಸ್ತರ?"

ಹೊಳೆಯದ್ದಿರಬಹುದು, ಬೋರ್‌ವೆಲ್ಲಿನದಿರಬಹುದು, ಟ್ಯಾಂಕರಿನದೂ ಇರಬಹುದು ಎಂದೆ.

ಒಳಗಿನಿಂದ ಸೊಸೆ ಕೂಗಿದಳು: "ಅತ್ತಿ, ಬೇಸಿನ್ನಾಗ ಚೆಲ್ಲಿಬಿಡ್ರಿ."

ಚಂಪಕ್ಕ ಚೆಲ್ಲಲಿಲ್ಲ. ನಾನು ಇಳಿದು ರಸ್ತೆಗೆ ಬಂದು ಮೇಲೆ ನೋಡಿದಾಗ ಗ್ಯಾಲರಿಯಲ್ಲಿ ನಿಂತಿದ್ದರು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು. ಹಾಗಾಗಿ ನನಗೆ ಕೈ ಬೀಸಲಿಲ್ಲ.